ಸೂಜಿ ಚುಚ್ಚಿದರೂ ನೋಯದ ಬೆರಳು

ಸೂಜಿ ಚುಚ್ಚಿದರೂ ಬೆರಳಿಗೆ ನೋವಾಗುತ್ತಿಲ್ಲ ಎಂಬುದನ್ನು ನಾನು ಮೊದಮೊದಲು ಕೈ ಪಳಗಿದ್ದರ ಗುರುತು ಎಂದುಕೊಂಡಿದ್ದೆ. ಆಗ ನನಗೆ ಮೂವತ್ತೊಂದು ವರ್ಷ. ಅರಸೀಕೆರೆಯಲ್ಲಿ ಹೆಣ್ಣುಮಕ್ಕಳ ಒಂದು ಹೊಲಿಗೆ ತರಗತಿಯಲ್ಲಿ ಕಲಿಸುತ್ತಿದ್ದೆ. ನಮ್ಮನೆಯವರು ರೈಲ್ವೆಯಲ್ಲಿ ಗುಮಾಸ್ತರು. ಸ್ಟೇಷನ್ನಿಗೆ ಹತ್ತಿರದ ಕ್ವಾರ್ಟರ್ಸಿನಲ್ಲಿ ನಾವು ನಾಲ್ಕು ಜನ ಇದ್ದೆವು: ನಾನು, ಅವರು, ಏಳು ವರ್ಷದ ಮಗಳು ಮೈತ್ರಿ, ಮತ್ತು ಅತ್ತೆ ಕೆಂಪಮ್ಮ.

ತರಗತಿ ಮುಗಿಸಿ ಬಂದ ಮೇಲೆ ನಾನು ಕೂತು ಮಾಡುತ್ತಿದ್ದುದು ಗೊಂಬೆಗಳ ಕೆಳಗೆ ಹಾಸುವ ಪುಟ್ಟ ಜಮಖಾನೆ. ಒಂದೊಂದು ಅಂಗೈಯಗಲ, ಕೆಲವು ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡವು. ಬಟ್ಟೆಯನ್ನು ಕಸೂತಿಯ ರಿಂಗಿಗೆ ಬಿಗಿದು, ದಾರವನ್ನು ಸೂಜಿಗೆ ಎರಡು ಸುತ್ತು ಸುತ್ತಿ, ಸೂಜಿ ಮೇಲೆ ಬಂದ ಜಾಗದ ಪಕ್ಕದಲ್ಲೇ ಕೆಳಕ್ಕೆ ಇಳಿಸಿದರೆ ಮೇಲೊಂದು ಪುಟ್ಟ ಗಂಟು ನಿಲ್ಲುತ್ತದೆ. ಪುಸ್ತಕದಲ್ಲಿ ಅದಕ್ಕೆ ಫ್ರೆಂಚ್ ನಾಟ್ ಎಂದು ಹೆಸರು. ನಮ್ಮ ತರಗತಿಯ ಹುಡುಗಿಯರು ಸಾಸಿವೆ ಗಂಟು ಅನ್ನುತ್ತಿದ್ದರು. ಆ ಗಂಟುಗಳನ್ನೇ ಒತ್ತೊತ್ತಾಗಿ ತುಂಬಿಸುತ್ತ ಹೋದರೆ ನಿಜವಾದ ಜಮಖಾನೆಯಂತೆ ದಪ್ಪನೆಯ ಮೈ ಬರುತ್ತದೆ. ನಡುವೆ ಒಂದು ಹೂವು, ಸುತ್ತ ಕೆಂಪು ಅಂಚು. ಒಂದು ಮುಗಿಯಲು ತಿಂಗಳು ಬೇಕು.

ಮೊದಲನೆಯದನ್ನು ಮೈತ್ರಿಯ ಆಟದ ಮನೆಗೆಂದು ಮಾಡಿದ್ದೆ. ಅದನ್ನು ಕಂಡು ಇಷ್ಟಪಟ್ಟವರು ಜಾನಕಮ್ಮ ಮೇಡಂ. ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದವರು, ನಿವೃತ್ತರಾಗಿ ಹಾರನಹಳ್ಳಿಯಲ್ಲಿ ಇದ್ದರು. ತಮ್ಮ ಮನೆಯಲ್ಲಿ ದಸರೆಗೆ ಕೂರಿಸುವ ಗೊಂಬೆಗಳಿಗೆ ವರ್ಷಕ್ಕೊಂದು ಜಮಖಾನೆ ಮಾಡಿಕೊಡು ಎಂದರು. ನಮ್ಮಲ್ಲಿ ಗೊಂಬೆ ಕೂರಿಸುವ ರೂಢಿ ಇಲ್ಲ. ಮಾವ ಇದ್ದಾಗಲೇ ಮನೆಮಂದಿಯೆಲ್ಲ ಬೌದ್ಧರಾಗಿದ್ದರು. ಗೋಡೆಯ ಮೇಲೆ ಬುದ್ಧನ ಪಟ ಒಂದೇ. ಆದರೂ ನಮ್ಮ ಕೇರಿಯಿಂದ ಬಂದವಳು ಹೊಲಿದ ಜಮಖಾನೆಯ ಮೇಲೆ ಆ ಮನೆಯ ಪಟ್ಟದ ಗೊಂಬೆಗಳು ಕೂರುತ್ತವೆ ಎಂಬುದು ನನಗೆ ಒಳಗೊಳಗೇ ಹೆಮ್ಮೆ.

ನಾಲ್ಕನೆಯ ವರ್ಷದ ಜಮಖಾನೆ ಅರ್ಧಕ್ಕೆ ಬಂದಿದ್ದಾಗ ಒಂದು ಸಂಜೆ ರಿಂಗನ್ನು ಮಗುಚಿ ನೋಡಿದೆ. ಹಿಂಬದಿಯಲ್ಲಿ ಕಂದು ಬಣ್ಣದ ಏಳೆಂಟು ಚುಕ್ಕೆ. ರಕ್ತದ ಕಲೆ. ರಿಂಗಿನ ಕೆಳಗೆ ಸೂಜಿಯನ್ನು ಎದುರುಗೊಳ್ಳುವುದು ಎಡಗೈಯ ಬೆರಳುಗಳು. ಉಂಗುರದ ಬೆರಳಿನ ತುದಿ ನೋಡಿದರೆ ಜರಡಿಯ ಹಾಗಾಗಿತ್ತು. ಹಿಸುಕಿದೆ. ನೋವಿಲ್ಲ. ಕಿರುಬೆರಳನ್ನೂ ಹಿಸುಕಿದೆ. ಅದು ನನ್ನ ಬೆರಳೇ ಅಲ್ಲವೆಂಬಂತೆ ಸುಮ್ಮನಿತ್ತು. ಉಪ್ಪುನೀರಿನಲ್ಲಿ ಕಲೆ ತೊಳೆದು ಒಣಗಿಸಿ ಕೆಲಸ ಮುಂದುವರಿಸಿದೆ.

ಎಡ ಮುಂಗೈಯ ಮೇಲೆ ಒಂದು ಮಚ್ಚೆಯೂ ಇತ್ತು. ಎರಡು ವರ್ಷದಿಂದ ಇತ್ತು. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ತಿಳಿ. ಬೇಸಿಗೆಯಲ್ಲಿ ಇಡೀ ಕೈ ಬೆವತರೂ ಅದೊಂದು ಜಾಗ ಒಣಗಿಯೇ ಇರುತ್ತಿತ್ತು. ಪೇಟೆಯ ಒಬ್ಬ ಡಾಕ್ಟರಿಗೆ ತೋರಿಸಿದ್ದೆ. ನಿಶ್ಶಕ್ತಿ ಎಂದು ಮಾತ್ರೆ, ಹಚ್ಚಿಕೊಳ್ಳಲು ಒಂದು ಮುಲಾಮು ಕೊಟ್ಟಿದ್ದರು. ನೋಯದಿದ್ದುದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ನಾನೂ ಮರೆತೆ.

ಒಂದು ದಿನ ನಮ್ಮ ತರಗತಿಗೆ ಸರ್ಕಾರಿ ಆಸ್ಪತ್ರೆಯ ಆರೋಗ್ಯ ಸಹಾಯಕರು ಬಂದರು. ರಂಗಸ್ವಾಮಿ ಎಂದು ಹೆಸರು, ದಪ್ಪ ಕನ್ನಡಕ, ಸೈಕಲ್ಲು. ಹುಡುಗಿಯರ ಕೈ, ಬೆನ್ನು ನೋಡಿ ಚರ್ಮದ ಮೇಲೆ ಮಚ್ಚೆ ಏನಾದರೂ ಇದೆಯೇ ಎಂದು ಪರೀಕ್ಷಿಸುವ ಕೆಲಸ ಅವರದು. ಎಲ್ಲರದೂ ಮುಗಿದ ಮೇಲೆ ನಾನು ತಮಾಷೆಗೆಂಬಂತೆ ತೋಳು ಚಾಚಿ ನನ್ನದೂ ನೋಡಿಬಿಡಿ ಎಂದೆ. ಅವರು ನೋಡಿದರು. ಮುಖದಲ್ಲಿದ್ದ ನಗು ಹೋಯಿತು. ಆದರೆ ಹುಡುಗಿಯರ ಎದುರು ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಏನನ್ನೂ ಬರೆದುಕೊಳ್ಳಲೂ ಇಲ್ಲ. ಬಾಗಿಲವರೆಗೂ ಹೋಗಿ, ಚಪ್ಪಲಿ ಮೆಟ್ಟುತ್ತ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬನ್ನಿ ಮೇಡಂ, ಚರ್ಮದ ಡಾಕ್ಟರು ಬಂದಿರ್ತಾರೆ ಎಂದರು. ಅವತ್ತು ಅವರು ಧ್ವನಿ ತಗ್ಗಿಸಿ ಹೇಳಿದ್ದು ಎಷ್ಟು ದೊಡ್ಡ ಉಪಕಾರ ಎಂಬುದು ನನಗೆ ಆಮೇಲೆ ತಿಳಿಯಿತು.

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಎರಡು ಬೆಂಚುಗಳಿದ್ದವು. ಕಿಟಕಿಯ ಹತ್ತಿರದ ಬೆಂಚಿನಲ್ಲಿ ಐದಾರು ಜನ ಇದ್ದರು. ಕಾಲಿಗೆ ಬ್ಯಾಂಡೇಜು ಸುತ್ತಿದವರು, ಬೆರಳು ಮೋಟಾದ ಒಬ್ಬ ಮುದುಕರು, ಹುಬ್ಬಿನ ಕೂದಲು ಉದುರಿದ ಒಬ್ಬ ಹೆಂಗಸು. ನಾನು ಅವರನ್ನು ದಾಟಿ ಹೋಗಿ ಕೆಮ್ಮು ಜ್ವರದವರು ಕೂತಿದ್ದ ಇನ್ನೊಂದು ಬೆಂಚಿನಲ್ಲಿ ಕೂತೆ. ಸೆರಗನ್ನು ಮೊಣಕಾಲಿನ ಮೇಲೆ ಎಳೆದುಕೊಂಡೆ. ನಾನು ಆ ಬೆಂಚಿನವಳಲ್ಲ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣು ಮುಚ್ಚಿಕೊಳ್ಳಿ, ಹತ್ತಿಯಿಂದ ಮುಟ್ಟುತ್ತೇನೆ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ ಎಂದರು. ಬಲಗೈಯ ಮೇಲೆ ಮುಟ್ಟಿದರು, ತೋರಿಸಿದೆ. ಕೆನ್ನೆ, ತೋರಿಸಿದೆ. ಆಮೇಲೆ ಎಡಗೈಗೆ ಕಾಯುತ್ತ ಕೂತೆ. ತುಂಬ ಹೊತ್ತಾಯಿತು ಅನ್ನಿಸಿತು. ಎಡಗೈಗೆ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದೆ.

"ಮುಗೀತು," ಎಂದರು.

ಕಣ್ಣು ಬಿಟ್ಟಾಗ ಹತ್ತಿಯ ಎಳೆ ನನ್ನ ಕಿರುಬೆರಳಿನ ಮೇಲೇ ಇತ್ತು. ಅದನ್ನು ನೋಡುತ್ತಿದ್ದೆ, ಅದು ಅಲ್ಲಿದೆ ಎಂದು ಕೈಗೆ ತಿಳಿಯುತ್ತಿರಲಿಲ್ಲ. ಅವರು ಮೊಣಕೈಯ ಹಿಂದೆ ಒತ್ತಿದರು. ಚರ್ಮದ ಕೆಳಗೆ ಹುರಿಯಂತೆ ದಪ್ಪಗಾದ ಒಂದು ನರ ಅವರ ಬೆರಳಿನಡಿ ಜಾರಿತು. ಕಿವಿಯ ಹಾಲೆಯಲ್ಲಿ ಬ್ಲೇಡಿನಿಂದ ಚೂರು ಗೀರಿ ಗಾಜಿನ ಮೇಲೆ ಸವರಿಕೊಂಡರು. ಒಂದು ವಾರ ಬಿಟ್ಟು ಬರಲು ಹೇಳಿದರು.

ವಾರದ ಮೇಲೆ ಎದುರಿಗೆ ಕೂರಿಸಿಕೊಂಡು ನೇರವಾಗಿ ಹೇಳಿದರು: "ಸುಜಾತ ಅವರೇ, ಇದು ಕುಷ್ಠ. ಪೂರ್ತಿ ವಾಸಿಯಾಗತ್ತೆ. ಎರಡು ವರ್ಷ ಮಾತ್ರೆ ತಪ್ಪಿಸಬಾರದು, ಅಷ್ಟೇ."

ಅವರು ಹೇಳಿದ್ದು ಮೂರು ಮಾತು. ನನಗೆ ಕೇಳಿಸಿದ್ದು ಮೊದಲನೆಯದು ಮಾತ್ರ. ಹೊರಗೆ ಬಂದೆ. ಕೆಮ್ಮು ಜ್ವರದವರ ಬೆಂಚು ತುಂಬಿತ್ತು. ಕಿಟಕಿಯ ಬೆಂಚಿನಲ್ಲಿ ಬೆರಳಿಲ್ಲದ ಆ ಮುದುಕರು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಜಾವಗಲ್ಲಿನ ಕಡೆಯವರು, ತಿಮ್ಮಯ್ಯ ಎಂದು ಮುಂದೆ ಪರಿಚಯವಾದವರು. "ಕೂತ್ಕೊಳವ್ವ, ಮಾತ್ರೆ ಕೊಡೋದು ತಡ ಆಯ್ತದೆ," ಎಂದರು. ನಾನು ಕೂರಲಿಲ್ಲ. ಗೋಡೆಗೆ ಒರಗಿಕೊಂಡೇ ಒಂದು ಗಂಟೆ ನಿಂತಿದ್ದೆ.

ಮನೆಯಲ್ಲಿ ನಮ್ಮನೆಯವರಿಗೆ ಮೊದಲು ಹೇಳಿದೆ. ಅವರು ಆಫೀಸಿನಿಂದ ಬಂದು ಷರ್ಟು ಬಿಚ್ಚುತ್ತಿದ್ದವರು ಹಾಗೇ ನಿಂತರು. ಅವರ ಮೊದಲ ಪ್ರಶ್ನೆ, ಆಸ್ಪತ್ರೆಯಲ್ಲಿ ಯಾರಾದರೂ ಪರಿಚಯದವರು ನೋಡಿದರಾ ಎಂಬುದು. ಎರಡನೆಯದು ಮಗುವಿನ ಬಗ್ಗೆ. ಮೊದಲನೆಯ ಪ್ರಶ್ನೆಯನ್ನು ನಾನು ಬಹಳ ವರ್ಷ ಮರೆಯಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಆ ಆಫೀಸಿನಲ್ಲಿ ನಮ್ಮವರೆಂದು ಇದ್ದವರು ಅವರೊಬ್ಬರೇ. ಟೀ ಕುಡಿಯುವಾಗ ಪಕ್ಕದಲ್ಲಿ ಯಾರು ಕೂರುತ್ತಾರೆ, ಯಾರು ಕೂರುವುದಿಲ್ಲ ಎಂದು ಗಮನಿಸಿ ಗಮನಿಸಿ ದಣಿದವರು.

ಅತ್ತೆ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದರು. ದೊಡ್ಡ ರೋಗವಾ ಎಂದು ಒಂದೇ ಮಾತು ಕೇಳಿದರು. ನಾನು ಹೌದೆಂದೆ. ಮಾರನೆಯ ದಿನ ನನ್ನ ತಟ್ಟೆ, ಲೋಟ ಬೇರೆ ಗೂಡಿಗೆ ಹೋಗಿದ್ದವು. ಮೈತ್ರಿ ಅಜ್ಜಿಯ ಪಕ್ಕದಲ್ಲಿ ಮಲಗತೊಡಗಿದಳು. ಯಾರೂ ಬಯ್ಯಲಿಲ್ಲ, ಕೂಗಾಡಲಿಲ್ಲ. ನಾನು ಎದ್ದು ಹೋದ ಮಣೆಯನ್ನು ಅತ್ತೆ ಒದ್ದೆ ಬಟ್ಟೆಯಿಂದ ಒರೆಸುವ ಸದ್ದು ಮಾತ್ರ ನನಗೆ ಕೇಳುತ್ತಿತ್ತು.

ಮನೆಯವರನ್ನೆಲ್ಲ ಪರೀಕ್ಷಿಸಬೇಕು ಎಂದು ಡಾಕ್ಟರು ಹೇಳಿದ್ದರು. ನನ್ನ ಜೀವನದಲ್ಲಿ ಅದಕ್ಕಿಂತ ಭಾರವಾದ ಬೆಳಿಗ್ಗೆ ಇನ್ನೊಂದಿಲ್ಲ. ನಮ್ಮನೆಯವರದು, ಅತ್ತೆಯದು ಮುಗಿಯಿತು, ಏನೂ ಇಲ್ಲ. ಮೈತ್ರಿಯ ಫ್ರಾಕಿನ ಗುಂಡಿ ಬಿಚ್ಚಿ ಬೆನ್ನು ನೋಡಿದರು. ಸೊಂಟದ ಮೇಲೆ ತಿಳಿಯಾದ ಒಂದು ಮಚ್ಚೆ ಇತ್ತು. ನಾನು ಅದನ್ನು ಎಂದೂ ಕಂಡಿರಲಿಲ್ಲ. ಡಾಕ್ಟರು ಅವಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಅವಳಿಗೆ ಅದೊಂದು ಆಟ. ಕಣ್ಣು ಬಿಗಿಯಾಗಿ ಮುಚ್ಚಿ, ನಾಲಿಗೆ ಕಚ್ಚಿಕೊಂಡು ನಿಂತಳು. ಹತ್ತಿ ಹೆಗಲು ಮುಟ್ಟಿತು. ಅವಳ ಪುಟ್ಟ ಬೆರಳು ಅಲ್ಲಿಗೆ ಹೋಯಿತು. ಕತ್ತು. ಬೆರಳು ಹೋಯಿತು. ಆಮೇಲೆ ಡಾಕ್ಟರು ಆ ಮಚ್ಚೆಯ ನಟ್ಟನಡುವೆ, ಮುಟ್ಟಿತೋ ಇಲ್ಲವೋ ಎಂಬಷ್ಟು ಹಗುರವಾಗಿ ಮುಟ್ಟಿದರು. ಮೈತ್ರಿ ಕೈಯನ್ನು ಹಿಂದಕ್ಕೆ ತಿರುಚಿ ಸರಿಯಾಗಿ ಅದೇ ಜಾಗವನ್ನು ಮುಟ್ಟಿ, "ಇಲ್ಲಿ, ಕಚಗುಳಿ ಆಗತ್ತೆ," ಎಂದಳು.

ಅದು ಹುಟ್ಟುಮಚ್ಚೆಯಂತೆ. ನಾನು ಪಡಸಾಲೆಗೆ ಬಂದು ಕಿಟಕಿಯ ಬೆಂಚಿನಲ್ಲಿ ಕುಸಿದು ಕೂತೆ. ಯಾವ ಬೆಂಚು ಎಂದು ಆಗ ನೋಡಲಿಲ್ಲ.

ಜಾನಕಮ್ಮ ಮೇಡಂ ಅವರ ಜಮಖಾನೆಗೆ ಅಂಚು ಕಟ್ಟುವುದಷ್ಟೇ ಉಳಿದಿತ್ತು. ಬಟ್ಟೆಯಿಂದ ಈ ರೋಗ ಹರಡುವುದಿಲ್ಲ, ಮಾತ್ರೆ ಶುರುವಾದ ಮೇಲೆ ನನ್ನಿಂದ ಯಾರಿಗೂ ಅಪಾಯವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೂ ಹೇಳದೆ ಕೊಡಲು ಮನಸ್ಸು ಒಪ್ಪಲಿಲ್ಲ. ಅದರ ಹಿಂಬದಿಯಲ್ಲಿ ನನ್ನ ರಕ್ತವಿತ್ತು, ತೊಳೆದಿದ್ದರೂ. ಹೇಳಬೇಡ, ಒಬ್ಬರಿಗೆ ಹೇಳಿದರೆ ಊರಿಗೆ ಹೇಳಿದ ಹಾಗೆ ಎಂದು ನಮ್ಮನೆಯವರು ಕೇಳಿಕೊಂಡರು. ನಾನು ಟೆಂಪೊ ಹತ್ತಿ ಹಾರನಹಳ್ಳಿಗೆ ಹೋದೆ.

ಮೇಡಂ ಜಗುಲಿಯಲ್ಲಿ ಕೂತು ಎಲ್ಲವನ್ನೂ ಕೇಳಿದರು. ಕೊನೆಗೆ ಜಮಖಾನೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ನೀನು ಬಂದು ಹೇಳಿದ್ದು ದೊಡ್ಡ ಮಾತು ಸುಜಾತ," ಎಂದರು. ಕಾಫಿ ಕೊಟ್ಟರು. ಬಸ್ ನಿಲ್ದಾಣಕ್ಕೆ ನಡೆಯುವಾಗ ನನಗೆ ಮೈ ಹಗುರಾಗಿತ್ತು. ಇಡೀ ಲೋಕ ಹೀಗೇ ಇದ್ದರೆ ಎರಡು ವರ್ಷ ಏನು ಮಹಾ ಅನ್ನಿಸಿತ್ತು.

ಆ ದಸರೆಗೆ ಮೈತ್ರಿ ಅಪ್ಪನ ಜೊತೆ ಗೊಂಬೆ ನೋಡಲು ಹೋಗಿ ಬಂದಳು. ಗೊಂಬೆಗಳೆಲ್ಲ ಬರೀ ಬಿಳಿ ಬಟ್ಟೆಯ ಮೇಲೆ ಕೂತಿದ್ದವು ಎಂದಳು. ನನ್ನ ಜಮಖಾನೆ ಒಂದೂ ಇರಲಿಲ್ಲವಂತೆ. ಹೊಸದಷ್ಟೇ ಅಲ್ಲ, ಹಿಂದಿನ ಮೂರೂ. ಗೊಂಬೆ ನೋಡಲು ಬಂದ ಮಕ್ಕಳಿಗೆ ಹಂಚುವ ಚರ್ಪು ತಿಂಡಿಯನ್ನು ಮೇಡಂ ಅವಳಿಗೆ ಎರಡು ಪಾಲು ಕಟ್ಟಿ ಕಳಿಸಿದ್ದರು. ಅವರನ್ನು ದೂರಲು ನನಗೆ ಇಷ್ಟವಿಲ್ಲ. ಆದರೆ ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಇವತ್ತಿಗೂ ತಿಳಿಯಾಗಿಲ್ಲ.

ಮಾತ್ರೆಯ ಒಂದು ಗುಣವೆಂದರೆ ಅದು ಮೈಬಣ್ಣವನ್ನು ಕಪ್ಪಾಗಿಸುತ್ತದೆ. ನಾಲ್ಕು ತಿಂಗಳಲ್ಲಿ ನನ್ನ ಮುಖ ಹೊಗೆ ಹಿಡಿದ ತಾಮ್ರದಂತಾಯಿತು. ಡಾಕ್ಟರು ಮೊದಲೇ ಹೇಳಿದ್ದರು, ಇದು ಹೋಗುತ್ತದೆ ಎಂದು. ಆದರೆ ಕ್ವಾರ್ಟರ್ಸಿನ ಹೆಂಗಸರಿಗೆ ಯಾರು ಹೇಳುತ್ತಾರೆ? ನಮ್ಮನೆಯವರು ಸಕ್ಕರೆ ಕಾಯಿಲೆ ಎಂದರು. ಒಂದು ವಾರ ಅದು ನಡೆಯಿತು. ಹೊಲಿಗೆ ತರಗತಿಯವರು ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ ಎಂದರು, ಯಾಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಭಾನುವಾರ ನಮ್ಮನೆಯವರು ನನ್ನ ಕಡೆ ನೋಡದೆ, ಸ್ವಲ್ಪ ದಿನ ತವರಿಗೆ ಹೋಗಿರು, ಮೈತ್ರಿಗೆ ಸ್ಕೂಲಿದೆ, ಅವಳು ಇಲ್ಲೇ ಇರಲಿ ಎಂದರು.

ನನ್ನ ತವರು ಹಳೇಬೀಡು. ಅವ್ವ ಒಬ್ಬಳೇ ಇದ್ದಳು. ನನ್ನ ಮುಖ ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆಗೆ ಎಣ್ಣೆ ಹಾಕಿದಳು, ನನ್ನ ತಟ್ಟೆಯಲ್ಲೇ ಉಂಡಳು. ಆದರೆ ಯಾರಾದರೂ ಬಾಗಿಲಿಗೆ ಬಂದರೆ, "ಒಳಗಿರು ಮಗ," ಎನ್ನುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು. ಆ ಹಿಂದಿನ ಕೋಣೆಯಲ್ಲಿ, ಗೋಡೆಯಾಚೆ ಪ್ರವಾಸಿಗರ ಬಸ್ಸುಗಳು ಬಂದು ನಿಲ್ಲುವುದು, ಹೊರಡುವುದು ಕೇಳುತ್ತ ದಿನ ಕಳೆದೆ. ಹೊತ್ತು ಇಳಿದ ಮೇಲೆ ಕೆರೆಯ ಕಡೆ ಹೋಗಿ ಬರುತ್ತಿದ್ದೆ. ತಿಂಗಳ ಮಾತ್ರೆ ಮುಗಿಯಿತು. ಹೊಸದನ್ನು ತರಲು ಅರಸೀಕೆರೆಗೆ ಹೋಗಬೇಕು. ಆ ಪಡಸಾಲೆ ನೆನೆದರೆ ಕಾಲು ಏಳುತ್ತಿರಲಿಲ್ಲ. ನಾಳೆ ಹೋಗೋಣ ಎನ್ನುತ್ತ ಹನ್ನೆರಡು ದಿನ ಮಾತ್ರೆ ಇಲ್ಲದೆ ಇದ್ದೆ.

ನಿಜ ಹೇಳಬೇಕೆಂದರೆ ನನಗೆ ವಾಸಿಯಾಗುವ ಆಸೆಯೇ ಆಗ ಉಳಿದಿರಲಿಲ್ಲ.

ಹದಿಮೂರನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಅತ್ತೆಯ ದನಿ ಕೇಳಿತು. ಅತ್ತೆ ಜನ್ಮದಲ್ಲಿ ಒಬ್ಬರೇ ಬಸ್ ಹತ್ತಿದವರಲ್ಲ. ಬೋರ್ಡು ಓದಲು ಬಾರದು. ಜಾವಗಲ್ಲಿನಲ್ಲಿ ಇಳಿದು ಯಾರನ್ನೋ ಕೇಳಿ ಇನ್ನೊಂದು ಬಸ್ ಹತ್ತಿ ಬಂದಿದ್ದರು. ರಂಗಸ್ವಾಮಿಯವರು ನಾನು ಮಾತ್ರೆಗೆ ಬರಲಿಲ್ಲವೆಂದು ಸೈಕಲ್ಲಿನಲ್ಲಿ ಮನೆಗೇ ಹೋಗಿದ್ದರಂತೆ. ಮಾತ್ರೆ ಬಿಟ್ಟರೆ ಕೈ ಮುರುಟಿಹೋಗುತ್ತದೆ ಎಂದಿದ್ದರಂತೆ. ಅತ್ತೆ ಕೊಟ್ಟ ನೀರು ಕುಡಿಯುತ್ತ, ಬೇರೆ ಗೂಡಿನಲ್ಲಿದ್ದ ತಟ್ಟೆ ಲೋಟ ನೋಡಿ, ನಿಮ್ಮ ಸೊಸೆಗೆ ತಟ್ಟೆ ಬೇರೆಯಾ ಎಂದು ಕೇಳಿದ್ದರಂತೆ.

ಅತ್ತೆ ಒಳಗೆ ಬಂದು ನನ್ನ ಹಾಸಿಗೆಯ ಪಕ್ಕ ನಿಂತರು. "ಏಳು, ಸೀರೆ ಉಟ್ಕೊ. ಮೂರೂವರೆಗೆ ಬಸ್ಸೈತೆ," ಎಂದರು.

ನಾನು ಬರುವುದಿಲ್ಲವೆಂದೆ. ಆ ಮನೆಯಲ್ಲಿ ನಾನು ಕೂತ ಮಣೆಯನ್ನು ಒರೆಸುವ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ ಎಂದೆ. ಅಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು.

ಅತ್ತೆ ಹೊಸ್ತಿಲ ಮೇಲೆ ಕೂತರು.

"ನಾನು ಮದ್ವೆಯಾಗಿ ಬಂದ ವರ್ಸ," ಎಂದು ಶುರುಮಾಡಿದರು, "ಹೊಲದ ಕೆಲಸಕ್ಕೋದ್ರೆ ಹೊಲದೋರ ಮನೆ ಹಿತ್ಲಲ್ಲಿ ನಿಂತು ನೀರು ಕೇಳ್ಬೇಕಿತ್ತು. ಮೇಲಿಂದ ಹುಯ್ಯೋರು. ಬೊಗಸೆ ಒಡ್ಡಿ ಕುಡೀಬೇಕು. ಒಂದ್ ಹನಿ ಅವ್ರ ಚೊಂಬಿಗೆ ಹಾರಿದ್ರೆ ಅದನ್ನ ಬೆಂಕೀಗಿಟ್ಟು ತೊಳೆಯೋರು. ನಾನು ನೋಡ್ತಾ ನಿಂತಿರ್ತಿದ್ದೆ. ಮನೆಗೆ ಬಂದು ಅಳೋಳು. ನಿನ್ನ ತಟ್ಟೆ ಬ್ಯಾರೆ ಇಟ್ಟಾಗ ಅದು ನೆಪ್ಪೇ ಆಗ್ಲಿಲ್ಲ ಕಣವ್ವ. ಆಯಪ್ಪ ಬಂದು ಕೇಳ್ದಾಗ ನೆಪ್ಪಾಯ್ತು. ತಪ್ಪಾಯ್ತು ಅನ್ನಾಕೆ ನಂಗೆ ನಾಲಗೆ ತಿರುಗಲ್ಲ. ಅದ್ಕೇ ಬಸ್ ಹತ್ತಿ ಬಂದಿವ್ನಿ."

ಅವ್ವ ಬಾಗಿಲ ಮರೆಯಲ್ಲಿ ನಿಂತು ಅಳುತ್ತಿದ್ದಳು. ನಾನು ಎದ್ದು ಸೀರೆ ಉಟ್ಟೆ. ಬಸ್ಸಿನಲ್ಲಿ ಇಬ್ಬರ ಸೀಟು. ಅತ್ತೆ ನನ್ನ ಎಡಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತರು. ಅರಸೀಕೆರೆಯವರೆಗೂ ಬಿಡಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ತಿಂಗಳ ಮಾತ್ರೆಯ ದಿನ ಅವರೂ ಬಂದರು. ಬೇಡವೆಂದರೂ ಕೇಳುತ್ತಿರಲಿಲ್ಲ. ಕಿಟಕಿಯ ಬೆಂಚಿನಲ್ಲಿ ನನ್ನ ಪಕ್ಕ ಕೂತು ಸುತ್ತಲಿನವರ ಊರು, ಮಕ್ಕಳು, ಮಳೆ ಬೆಳೆ ವಿಚಾರಿಸುತ್ತಿದ್ದರು. ತಿಮ್ಮಯ್ಯನವರು ಮಧ್ಯಾಹ್ನಕ್ಕೆಂದು ಎರಡು ಬಾಳೆಹಣ್ಣು ತರುತ್ತಿದ್ದರು. ಬೆರಳಿಲ್ಲದ ಕೈಯಲ್ಲಿ ಸಿಪ್ಪೆ ಬಿಡಿಸಲು ಹಲ್ಲಿನಿಂದ ಕಚ್ಚಿ ಎಳೆಯಬೇಕಿತ್ತು. ಎರಡನೆಯ ತಿಂಗಳೋ ಮೂರನೆಯ ತಿಂಗಳೋ ಅತ್ತೆ ಅವರ ಕೈಯಿಂದ ಹಣ್ಣು ತೆಗೆದುಕೊಂಡು ಸುಲಿದು, ನಾರು ತೆಗೆದು, ಅವರ ಅಂಗೈಯಲ್ಲಿಟ್ಟರು. ತಿಮ್ಮಯ್ಯ ಆ ಹಣ್ಣನ್ನು ಎಷ್ಟೋ ಹೊತ್ತು ತಿನ್ನದೆ ಹಿಡಿದುಕೊಂಡಿದ್ದರು. ಮನೆಯಲ್ಲಿ ನನ್ನ ತಟ್ಟೆ ಯಾವಾಗ ಮಿಕ್ಕ ತಟ್ಟೆಗಳ ಜೊತೆ ಸೇರಿತೋ ಗೊತ್ತಿಲ್ಲ.

ರೋಗ ಅಷ್ಟು ಸುಲಭವಾಗಿ ಬಿಡಲಿಲ್ಲ. ಎಂಟನೆಯ ತಿಂಗಳಲ್ಲಿ ಮೊಣಕೈಯ ನರ ಬಾತು, ಕಾದ ಕಬ್ಬಿಣ ಇಟ್ಟಂತೆ ಉರಿ. ನೋವೇ ಇಲ್ಲ ಎಂದು ಹೆದರಿದ್ದವಳಿಗೆ ಈಗ ನೋವೇ ನೋವು. ಮಾತ್ರೆಯಿಂದ ಒಳಗಿನ ಕ್ರಿಮಿ ಸಾಯುವಾಗ ಕೆಲವರಿಗೆ ಹೀಗಾಗುತ್ತದೆಯಂತೆ. ಬೇರೆ ಮಾತ್ರೆ ಕೊಟ್ಟು, ಕೈಗೆ ಪಟ್ಟಿ ಕಟ್ಟಿ ಆರು ವಾರ ಅಲುಗಾಡಿಸಬಾರದೆಂದರು. ಅತ್ತೆ ನನ್ನ ತಲೆ ಬಾಚಿದರು, ಸೀರೆಯ ನೆರಿಗೆ ಹಿಡಿದು ಕೊಟ್ಟರು. ಮೈತ್ರಿ ಮತ್ತೆ ನನ್ನ ಪಕ್ಕಕ್ಕೆ ಬಂದು ಮಲಗಿದಳು. ಪಟ್ಟಿ ಬಿಚ್ಚಿದಾಗ ಕಿರುಬೆರಳೂ ಉಂಗುರದ ಬೆರಳೂ ಸ್ವಲ್ಪ ಬಾಗಿ ನಿಂತಿದ್ದವು. ಇನ್ನು ನೆಟ್ಟಗಾಗುವುದಿಲ್ಲ ಎಂದರು. ಅವತ್ತು ರಂಗಸ್ವಾಮಿಯವರು ನನ್ನ ಕೈಯನ್ನು ನೀರಿನಲ್ಲಿ ನೆನೆಸಿ ಎಣ್ಣೆ ಸವರುವುದು ಹೇಗೆಂದು ತೋರಿಸುತ್ತ, "ಇನ್ಮೇಲೆ ಕಣ್ಣಲ್ಲೇ ಮುಟ್ಟಿ ನೋಡೋದು ಕಲೀಬೇಕು ಮೇಡಂ," ಎಂದರು. ಗಾಯ, ಸುಟ್ಟ ಕಲೆ, ಗುಳ್ಳೆ ಏನಿದ್ದರೂ ಕೈ ಹೇಳುವುದಿಲ್ಲ, ದಿನಾ ಸಂಜೆ ಕಣ್ಣೇ ಹುಡುಕಬೇಕು. ಹುಟ್ಟಿನಿಂದ ಬಂದ ಭಾಷೆಯನ್ನು ಬಿಟ್ಟು ಬೇರೆ ಭಾಷೆ ಕಲಿತ ಹಾಗೆ, ನಿಧಾನವಾಗಿ ಕಲಿತೆ.

ಎಡಗೈ ರಿಂಗಿನ ಕೆಳಗೆ ಹೋಗಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರಿಂದ ಕಸೂತಿಯ ಡಬ್ಬಿಯನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದೆ. ಒಂದು ಶನಿವಾರ ನಮ್ಮನೆಯವರು ಆ ಡಬ್ಬಿ ಇಳಿಸಿ, ರಿಂಗಿನ ಅಗಲವನ್ನು ದಾರದಿಂದ ಅಳೆದುಕೊಂಡರು. ಮೂರು ವಾರ ಹಿತ್ತಿಲಲ್ಲಿ ಕೂತು ಹಳೆಯ ಪೆಟ್ಟಿಗೆಯ ಹಲಗೆ ಕೊಯ್ದು, ಉಜ್ಜಿ, ಮೊಳೆ ಹೊಡೆದು ಒಂದು ಸ್ಟ್ಯಾಂಡ್ ಮಾಡಿದರು. ರಿಂಗನ್ನು ಅದರಲ್ಲಿ ಸಿಕ್ಕಿಸಿದರೆ ಯಾರೂ ಹಿಡಿದುಕೊಳ್ಳದೆ ತಾನೇ ನಿಲ್ಲುತ್ತಿತ್ತು. ಅದನ್ನು ನನ್ನ ಮುಂದಿಟ್ಟು, "ಈಗ ನಿನ್ನ ಕೈ ಕೆಳಗೆ ಹೋಗಬೇಕಾಗಿಲ್ಲ," ಎಂದರು. ಆಫೀಸಿನಲ್ಲಿ ಕೇಳಿದವರಿಗೆ ಇರುವ ವಿಷಯ ಹೇಳಿಬಿಟ್ಟೆ ಎಂದರು. ಯಾರು ಏನೆಂದರು ಎಂದು ನಾನು ಕೇಳಲಿಲ್ಲ. ಅವರ ಹೆಬ್ಬೆರಳಿನ ಉಗುರು ಸುತ್ತಿಗೆ ಏಟಿಗೆ ಕಪ್ಪಗಾಗಿತ್ತು. ಅದನ್ನು ಹಿಡಿದುಕೊಂಡು ಕೂತಿದ್ದೆ.

ದಾರ ಸುತ್ತುವುದಕ್ಕೆ ಎಡಗೈಯ ಹೆಬ್ಬೆರಳು, ತೋರುಬೆರಳು ಸಾಕು. ಅವೆರಡಕ್ಕೆ ಸ್ಪರ್ಶ ಉಳಿದಿತ್ತು. ಸೂಜಿ ಮೇಲೆ ಹೋಗುವುದಕ್ಕೂ ಕೆಳಗೆ ಬರುವುದಕ್ಕೂ ಬಲಗೈಯೊಂದೇ ದುಡಿಯಬೇಕು. ಮೊದಲಾದರೆ ಒಂದು ಸಂಜೆಗೆ ಇನ್ನೂರು ಗಂಟು, ಈಗ ಶುರುವಿನ ದಿನಗಳಲ್ಲಿ ಇಪ್ಪತ್ತು. ಅರ್ಧಕ್ಕರ್ಧ ಸಡಿಲ. ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಒಂದು ಮಳೆಗಾಲ ಪೂರ್ತಿ ಹಿಡಿಯಿತು ಅಂಗೈಯಗಲದ ಒಂದೇ ಜಮಖಾನೆಗೆ. ಮುಗಿದ ದಿನ ರಿಂಗಿನಿಂದ ಬಿಡಿಸಿ ಹಿಂಬದಿ ತಿರುಗಿಸಿ ನೋಡಿದೆ. ಒಂದು ಕಲೆಯೂ ಇರಲಿಲ್ಲ. ಅದನ್ನು ಯಾರಿಗೂ ಕೊಡಲಿಲ್ಲ.

ಎರಡು ವರ್ಷ ಮುಗಿದು, ಕಿವಿ ಗೀರಿ ಮಾಡಿದ ಪರೀಕ್ಷೆಯಲ್ಲಿ ಕ್ರಿಮಿ ಕಾಣದೆ, ಡಾಕ್ಟರು ನನ್ನ ಕಾರ್ಡಿನ ಮೇಲೆ ಚಿಕಿತ್ಸೆ ಪೂರ್ಣ ಎಂದು ಬರೆದರು. ಮೈಬಣ್ಣ ತಿಳಿಯಾಗಲು ಇನ್ನೊಂದು ವರ್ಷ ಬೇಕಾಯಿತು. ಹೊಲಿಗೆ ತರಗತಿಯವರು ಮತ್ತೆ ಕರೆಯಲಿಲ್ಲ. ಮನೆಯಲ್ಲೇ ನಾಲ್ಕು ಹುಡುಗಿಯರಿಗೆ ಕಲಿಸಲು ಶುರುಮಾಡಿದೆ. ಮೊದಲ ದಿನವೇ ಅವರ ತಾಯಂದಿರಿಗೆ ನನಗೆ ಏನಾಗಿತ್ತು ಎಂದು ಹೇಳಿದೆ. ಒಬ್ಬಳು ಮಾರನೆಯ ದಿನದಿಂದ ಬರಲಿಲ್ಲ. ಮೂವರು ಬಂದರು. ತಿಮ್ಮಯ್ಯನವರು ಅದೇ ವರ್ಷ ತೀರಿಕೊಂಡರು. ಅತ್ತೆಯೂ ನಾನೂ ಹೋಗಿ ಬಂದೆವು.

ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣ, ಹೋದ ತಿಂಗಳು ರಂಗಸ್ವಾಮಿಯವರು ಕಳಿಸಿದ ಒಬ್ಬ ಹೆಣ್ಣುಮಗಳು. ಬೇಲೂರಿನ ಕಡೆಯವಳು, ಅಂಗನವಾಡಿ ಕೆಲಸ. ಅವಳಿಗೂ ಅದೇ ರೋಗವೆಂದು ಆಗಷ್ಟೇ ಗೊತ್ತಾಗಿತ್ತು. ಎರಡು ಗಂಟೆ ನನ್ನೆದುರು ಕೂತು ಏನೂ ಮಾತಾಡದೆ, ಹೊರಡುವಾಗ, ನಿಮ್ಮ ಮನೆಯಲ್ಲಿ ಏನಂದರು ಎಂದು ಒಂದೇ ಮಾತು ಕೇಳಿದಳು. ಆ ರೋಗದ ಬಗ್ಗೆ ಅವಳಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಅವಳಿಗೆ ಬೇಕಾಗಿದ್ದುದು ಮನೆಯೊಳಗಿನ ಈ ಕಥೆ. ಅವತ್ತು ಬಾಗಿಲಲ್ಲಿ ನಿಂತು ಅಷ್ಟನ್ನೂ ಹೇಳಲಾಗಲಿಲ್ಲ.

ಹೇಳಬೇಕಾದದ್ದು ಇನ್ನೊಂದಿದೆ. ಅತ್ತೆಗೆ ಕೊನೆಯ ವರ್ಷ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ಅವರಿಗೆ ಸ್ನಾನ ಮಾಡಿಸುವುದು ನನ್ನ ಕೆಲಸ. ಬೇರೆ ಯಾರು ಬಂದರೂ ಅವರು ಒಪ್ಪುತ್ತಿರಲಿಲ್ಲ. ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ ಬಿಸಿನೀರಿನ ಬಕೆಟ್ಟು ತಂದಿಟ್ಟರೆ, ನನ್ನ ಕೈ ನೀರಿಗೆ ಹೋಗುವ ಮೊದಲು ಅವರ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸುತ್ತಿತ್ತು. ಬಲಗೈಗೆ ಬಿಸಿ ಗೊತ್ತಾಗುತ್ತದೆ ಅತ್ತೆ, ನಾನೇ ನೋಡುತ್ತೇನೆ ಎಂದು ಎಷ್ಟೋ ಸಲ ಹೇಳಿದ್ದೆ. ಅವರು ತಲೆ ಅಲ್ಲಾಡಿಸಿ, ಇದ್ದ ಒಂದೇ ಕೈಯನ್ನು ಬಕೆಟ್ಟಿಗೆ ಅದ್ದಿ ನೋಡಿ, ಆಮೇಲೆ ನನಗೆ ನೀರು ಮುಟ್ಟಲು ಬಿಡುತ್ತಿದ್ದರು. ಒಂದು ದಿನ ನೀರು ಹೆಚ್ಚು ಕಾದಿತ್ತು. ಬೆರಳು ಅದ್ದಿ ತಟ್ಟನೆ ತೆಗೆದರು. ನಾನು ತಣ್ಣೀರು ತರಲು ಎದ್ದೆ, ಅದೇ ಕೈಯಿಂದ ಮಣಿಕಟ್ಟು ಹಿಡಿದು ಕೂರಿಸಿದರು. ನೀರು ತಾನಾಗಿ ಆರುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ಮತ್ತೊಮ್ಮೆ ಅದ್ದಿ ನೋಡಿದರು. ಆಮೇಲೆ ನನ್ನ ಎಡಗೈಯನ್ನು ತಾವೇ ಹಿಡಿದು, ಬಾಗಿದ ಆ ಎರಡು ಬೆರಳುಗಳನ್ನು ಮೊದಲು ನೀರಿಗೆ ಇಳಿಸಿದರು.